ಓಡುವ ಹಾಡನ್ನು ಹಿಡಿದು ನಿಲ್ಲಿಸಿದವಳು

ಕೊಳ್ಳೇಗಾಲದ ನೇಕಾರರ ಬೀದಿಯ ಪಕ್ಕದ ಸರ್ಕಾರಿ ಶಾಲೆಯಲ್ಲಿ ನಾನು ಗಣಿತದ ಮೇಡಂ. ಕಾಮಗೆರೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಗೊಂದು ಹಾರ್ಮೋನಿಯಂ ಕೊಡಿಸಿದರು. ಸಂಗೀತದ ಮೇಷ್ಟ್ರು ಮಾತ್ರ ಇರಲಿಲ್ಲ. ಹೆಡ್ಮಾಸ್ಟರು ನನ್ನನ್ನು ಕರೆದು, "ನೀವು ಚಿಕ್ಕೋರಿದ್ದಾಗ ಸಂಗೀತ ಕಲ್ತಿದ್ರಂತಲ್ಲ ಮೇಡಂ?" ಎಂದರು.

"ಎರಡೇ ವರ್ಷ ಸಾರ್. ಆಮೇಲೆ ಬಿಟ್ಟುಬಿಟ್ಟೆ."

"ಎರಡು ವರ್ಷ ಅಂದ್ರೆ ಈ ಶಾಲೇಲಿ ನೀವೇ ವಿದ್ವಾಂಸರು!" ಎಂದು ನಕ್ಕು, ಐದನೇ ತರಗತಿಯ ಶನಿವಾರದ ಕೊನೆಯ ಪಿರಿಯಡ್ಡನ್ನು ನನ್ನ ತಲೆಗೆ ಕಟ್ಟಿದರು.

ಮೊದಲ ಶನಿವಾರವೇ ನನ್ನ ವಿದ್ವತ್ತು ಬಯಲಾಯಿತು. ಪಠ್ಯಪುಸ್ತಕದ ಮಳೆಯ ಪದ್ಯಕ್ಕೆ ಸುಲಭದ ರಾಗ ಹಾಕಿ, ಚಪ್ಪಾಳೆ ತಟ್ಟಿಕೊಂಡು ಹಾಡಲು ಹೇಳಿದೆ. ಮೊದಲ ಸಾಲು ಚೆನ್ನಾಗಿಯೇ ಬಂತು. ಎರಡನೆಯ ಸಾಲಿಗೆ ಸ್ವಲ್ಪ ಬೇಗ, ಮೂರನೆಯದಕ್ಕೆ ಇನ್ನೂ ಬೇಗ. ಕೊನೆಯ ಸಾಲಿನ ಹೊತ್ತಿಗೆ ಇಡೀ ತರಗತಿ ಮನೆಗೆ ಹೋಗುವ ಬೆಲ್ ಹೊಡೆದ ಹಾಗೆ ಓಡುತ್ತಿತ್ತು. ಎಲ್ಲರಿಗಿಂತ ಮುಂದೆ ಓಡುತ್ತಿದ್ದವನು ಮುಂದಿನ ಬೆಂಚಿನ ಗುಂಡು ಮುಖದ ಹುಡುಗ. ಅವನ ಹಿಂದೆ ಉಳಿದವರು, ಅವರ ಹಿಂದೆ ಏದುಸಿರು ಬಿಡುತ್ತ ನಾನು, ನನ್ನ ಹಾರ್ಮೋನಿಯಂ.

ಎರಡು ಶನಿವಾರ ಹೀಗೇ ಕಳೆಯಿತು. ಮೂರನೆಯ ಸಲ ಹಾಡು ಓಡುತ್ತಿದ್ದಾಗ ನನ್ನ ಕಣ್ಣು ಕೊನೆಯ ಬೆಂಚಿನ ಕೆಳಗೆ ಬಿತ್ತು. ಅಲ್ಲೊಂದು ಪುಟ್ಟ ಪಾದ ನೆಲವನ್ನು ತಟ್ಟುತ್ತಿತ್ತು. ಸುತ್ತ ಅಷ್ಟು ಗಲಾಟೆಯಿದ್ದರೂ ಅದರ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅವಳು ಆ ವರ್ಷವೇ ಸೇರಿದ ಹುಡುಗಿ. ರೇಷ್ಮೆ ಸೀರೆ ನೇಯುವ ಅಪ್ಪ ಗಡಿಯಾಚೆಯ ಊರಿನಿಂದ ಸಂಸಾರ ಸಮೇತ ಇಲ್ಲಿಗೆ ಬಂದಿದ್ದರು. ಮನೆಯಲ್ಲಿ ತಮಿಳು. ಶಾಲೆ ಶುರುವಾಗಿ ತಿಂಗಳುಗಳಾದರೂ ಅವಳು ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಹಾಜರಿಗೆ ಕೈ ಎತ್ತುತ್ತಿದ್ದಳು, ಅಷ್ಟೇ. ನಿಧಾನವಾಗಿ ಕಲಿಯುವ ಮಕ್ಕಳ ಪಟ್ಟಿಯಲ್ಲಿ ಅವಳ ಹೆಸರನ್ನು ಬರೆದವಳು ನಾನೇ.

ನಾನು ಹತ್ತಿರ ಹೋದದ್ದೇ ತಡ, ಪಾದ ಬೆಂಚಿನೊಳಕ್ಕೆ ಸರಿಯಿತು. ಬೈಯುತ್ತೇನೆ ಎಂದುಕೊಂಡಿರಬೇಕು. ಕೈ ಹಿಡಿದು ಮುಂದೆ ಕರೆತಂದು, ಮರದ ಡಸ್ಟರ್ ಕೊಟ್ಟು, "ಕಾಲಲ್ಲಿ ತಟ್ತಿದ್ದೆಯಲ್ಲಮ್ಮ, ಹಾಗೇ ಮೇಜಿನ ಮೇಲೆ ತಟ್ಟು" ಎಂದೆ. ತಟ್ಟಿದಳು. ದಿನವಿಡೀ ಮಗ್ಗದ ಸದ್ದು ಕೇಳಿ ಬೆಳೆದ ಮಗುವಿಗೆ ಕಾಲಪ್ರಮಾಣವನ್ನು ನಾನು ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಮಕ್ಕಳು ಓಡಿದರೆ ಅವಳು ಕೈ ನಿಲ್ಲಿಸುತ್ತಿದ್ದಳು. ಅವರು ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು.

ಹೀಗೆ ಒಂದು ತಿಂಗಳು ಮೌನವಾಗಿಯೇ ತಾಳ ಹಾಕಿದಳು. ಒಂದು ಶನಿವಾರ ಗುಂಡು ಮುಖದವನು ನಾಲ್ಕನೆಯ ಸಲವೂ ಹಾಡನ್ನು ಎಳೆದುಕೊಂಡು ಓಡಿದ. ಡಸ್ಟರ್ ಧಡ್ ಎಂದು ಮೇಜಿಗೆ ಬಿತ್ತು.

"ನಿಲ್ಸ್ಲಾ! ಎಲ್ಲಿಗ್ಲಾ ಓಯ್ತಿದ್ದೀಯೆ ಅಷ್ಟ್ ಬಿರ್ನೆ?"

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಆಮೇಲೆ ಬೈಸಿಕೊಂಡವನೇ ಎದ್ದು ನಿಂತು ಕುಣಿದಾಡಿದ. "ಮಿಸ್, ಮಿಸ್! ಇವ್ಳ್ಗೆ ಕನ್ನಡ ಬತ್ತದೆ ಮಿಸ್!" ಎಲ್ಲರೂ ನಕ್ಕರು. ಅಳಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ ಅವಳೂ ನಕ್ಕಳು.

ಅಂದಿನಿಂದ ಆಟದ ಬಯಲಿನಲ್ಲೂ ಅವಳ ದನಿ ಕೇಳತೊಡಗಿತು. ಮಾತು ಕಲಿತದ್ದು ಮಾತಾಡು ಎಂದು ನಾನು ಹೇಳಿದ್ದರಿಂದಲ್ಲ. ನಲವತ್ತು ಮಕ್ಕಳನ್ನು ಸಂಭಾಳಿಸಲು ಮಾತು ಬೇಕೇಬೇಕಾಗಿತ್ತು. ಭಿನ್ನರಾಶಿ ಪಾಠದ ದಿನ, ಅರ್ಧ ಕಾಲು ತಿಳಿಯದೆ ಎಲ್ಲರೂ ಒದ್ದಾಡುತ್ತಿದ್ದಾಗ, ಅವಳು ಪಕ್ಕದವಳಿಗೆ ಬೆಂಚು ತಟ್ಟಿ ತೋರಿಸುತ್ತಿದ್ದಳು. "ಒಂದ್ ಏಟ್ಗೆ ಎರಡಕ್ಷರ ಅಂದ್ರೆ ಒಂದೊಂದೂ ಅರ್ಧ. ನಾಕು ಹಾಕುದ್ರೆ ಕಾಲು. ಅಷ್ಟೇಯಾ." ನನ್ನ ಹದಿನೈದು ವರ್ಷದ ಸರ್ವಿಸ್ಸಿನಲ್ಲಿ ನಾನು ಹಾಗೆ ಹೇಳಿಕೊಟ್ಟಿರಲಿಲ್ಲ. ಆ ದಿನವೇ ಪಟ್ಟಿ ತೆಗೆದು ಅವಳ ಹೆಸರು ಹೊಡೆದುಹಾಕಿದೆ. ನಾಚಿಕೆಯೂ ಆಯಿತು. ಗುಂಡು ಮುಖದವನೂ ಇನ್ನೊಬ್ಬರು ಮಾತು ಮುಗಿಸುವವರೆಗೆ ಕಾಯುವುದನ್ನು ಕಲಿತ. ಅದನ್ನು ಕಲಿಸಲು ಮೂವರು ಮೇಡಂಗಳು ಸೋತಿದ್ದೆವು.

ಚಳಿಗಾಲಕ್ಕೆ ಯಳಂದೂರಿನಲ್ಲಿ ಮೂರು ತಾಲ್ಲೂಕಿನ ಮಕ್ಕಳಿಗೆ ಸಮೂಹಗಾನದ ಸ್ಪರ್ಧೆ ಎಂದು ಗೊತ್ತಾಯಿತು. ಒಪ್ಪಿಗೆ ಕೇಳಲು ಅವಳ ಮನೆಗೆ ಹೋದೆ. ಅಪ್ಪ ಮಗ್ಗದ ಮುಂದೆ ಕೂತಿದ್ದರು, ನೇಯುವುದನ್ನು ನಿಲ್ಲಿಸಲಿಲ್ಲ.

"ಪಾಟ್ಟು ಕಲ್ತು ಏನ್ ಮಾಡ್ತಾಳೆ ಮೇಡಂ? ಕಣಕ್ಕು ಬರ್ಲಿ ಸಾಕು."

"ಪಾಟ್ಟು ಅಂದ್ರೆ ಹಾಡು, ಕಣಕ್ಕು ಅಂದ್ರೆ ಲೆಕ್ಕ ಮಿಸ್" ಎಂದು ಅವಳು ನನಗೆ ಅರ್ಥ ಹೇಳಿ, ಅಪ್ಪನ ಕಡೆ ತಿರುಗಿ ಕನ್ನಡದಲ್ಲೇ ಶುರುಮಾಡಿದಳು. "ಅಪ್ಪಾ, ನಾನ್ ಓಗ್ನಿಲ್ಲ ಅಂದ್ರೆ ಅವ್ರೆಲ್ಲಾ ಓಡ್ಬುಡ್ತಾರೆ. ಮಿಸ್ಸೂ ಓಡ್ಬುಡ್ತಾರೆ!"

ಮಗ್ಗ ನಿಂತಿತು. ಅಪ್ಪ ಮಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಜೋರಾಗಿ ನಕ್ಕರು. "ನೀವೂನಾ ಮೇಡಂ?" ನಾನು ಹೌದೆಂದು ಒಪ್ಪಿಕೊಂಡೆ. ಒಪ್ಪಿಗೆ ಸಿಕ್ಕಿತು.

ಯಳಂದೂರಿನಲ್ಲಿ ವೇದಿಕೆ ಹತ್ತಿದಾಗ ಹಾರ್ಮೋನಿಯಂ ಕೈಕೊಟ್ಟಿತು. ದಾರಿಯ ಕುಲುಕಾಟಕ್ಕೋ ಏನೋ, ಒಂದು ಸ್ವರದ ಕೀ ಒತ್ತಿಕೊಂಡೇ ಉಳಿದು, ತಿದಿ ಮುಟ್ಟಿದರೆ ಸಾಕು, ಕೊಂಯ್ ಎಂದು ಅಳುತ್ತಿತ್ತು. ಸಭೆಯಲ್ಲಿ ಕಿಸಕಿಸ ಶುರುವಾಯಿತು. ಅವಳು ಬಂದು ನನ್ನ ಕಿವಿಯಲ್ಲಿ, "ಪೆಟ್ಗೆ ಬ್ಯಾಡ ಬುಡಿ ಮಿಸ್, ನಾವೇ ಆಡ್ತೀವಿ" ಎಂದಳು. ಮಕ್ಕಳ ಮುಂದೆ ನಿಂತು ಕೈ ಎತ್ತಿದಳು.

ನಾನು ಪಕ್ಕಕ್ಕೆ ಸರಿದು ನಿಂತೆ. ಬರೀ ಚಪ್ಪಾಳೆಗೆ ಆ ಮಳೆಯ ಪದ್ಯವನ್ನು ಮಕ್ಕಳು ಹಾಡಿದರು. ಯಾರೂ ಓಡಲಿಲ್ಲ. ಗುಂಡು ಮುಖದವನು ಅವಳ ಕೈಯನ್ನೇ ನೋಡುತ್ತ, ಉಸಿರು ಬಿಗಿಹಿಡಿದು, ಸರಿಯಾದ ಜಾಗಕ್ಕೇ ಕಾದು ದನಿಗೂಡಿಸಿದ. ನನ್ನ ಕಣ್ಣು ಮಂಜಾಯಿತು.

ನಮಗೆ ಬಂದದ್ದು ಎರಡನೆಯ ಬಹುಮಾನ. ಹನೂರು ಕಡೆಯ ಮಕ್ಕಳು ಮೊದಲನೆಯದನ್ನು ಗೆದ್ದರು. ಊಟದ ಹೊತ್ತಿಗೆ ನಮ್ಮವಳು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಹಿಂದಿನ ಜಗಲಿಯಲ್ಲಿ ರಾಮಾಪುರದಿಂದ ಬಂದಿದ್ದ ನಾಲ್ಕೈದು ಹುಡುಗಿಯರನ್ನು ಸಾಲಾಗಿ ಕೂರಿಸಿಕೊಂಡಿದ್ದಳು. ಅವರಿಗೆ ನಮ್ಮ ಚಪ್ಪಾಳೆ ಕಲಿಯಬೇಕಂತೆ.

"ಊಟಕ್ಕೆ ಬಾರಮ್ಮ" ಎಂದೆ.

"ಇರಿ ಮಿಸ್" ಎಂದಳು, ತಿರುಗಿಯೂ ನೋಡದೆ. "ಇವ್ರ್ಗೆ ಇನ್ನೊಂದ್ ಸಾಲು ಬರ್ಬೇಕು."

ನಾನು ಜಗಲಿಯ ತುದಿಯಲ್ಲಿ ಕೂತು ಕಾದೆ.