ಇಳಿಯದ ಒಂದು ಕಿಟಕಿ

ಹಳೆಯ ಮೂರನೇ ದರ್ಜೆಯ ರೈಲು ಬೋಗಿಯ ಮೊಳದುದ್ದದ ಮಾದರಿಯೊಂದನ್ನು ಆರು ತಿಂಗಳು ಕೂತು ಮಾಡಿದ್ದೆ. ಬೆಂಚಿನ ಒಂದೊಂದು ಪಟ್ಟಿಯನ್ನೂ ಕೈಯಾರೆ ಕೊರೆದಿದ್ದೆ. ಮರುದಿನವೇ ರಾಯಚೂರಿನಲ್ಲಿ ಪ್ರದರ್ಶನ. ಛಾವಣಿ ಅಂಟಿಸುವ ಮುಂಚೆ ಅಂಥ ಗಾಡಿಯಲ್ಲಿ ಓಡಾಡಿದವರೊಬ್ಬರು ನೋಡಲಿ ಅಂತ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಾನ್ವಿಗೆ ಹೋದೆ, ಗೆಳೆಯನ ಅಜ್ಜಿ ನೀಲಮ್ಮನ ಹತ್ತಿರ.

ಅಜ್ಜಿ ಚಷ್ಮಾ ಹಾಕಿಕೊಂಡು ಬಗ್ಗಿ ನೋಡಿದಳು. "ಬೆಂಚು ಬರೋಬ್ಬರಿ ಅದಾವ. ಕಿಟಕಿ ಯಾಕ ಎಲ್ಲಾ ತೆರದಿ, ತಮ್ಮಾ?"

"ಒಳಗಿಂದು ಕಾಣಬೇಕಲ್ಲ ಯವ್ವಾ."

"ಯಾರಿಗಪಾ? ಬ್ಯಾಸಿಗ್ಯಾಗ ತವರಿಗೆ ಆದೋನಿಗೆ ಹೊಂಟ್ರ, ಗಾಡಿ ಹತ್ತಿದ ಕೂಡ್ಲೆ ಕಿಟಕಿ ಹಲಗಿ ಇಳಸ್ತಿದ್ವಿ. ಮ್ಯಾಲ ಬಿಸಲು, ಮುಂದ ಎಂಜಿನ್ನಿನ ಕಿಡಿ. ತೆರದು ಕುಂತ್ರ ಸುಟ್ಟ ಬದನಿಕಾಯಿ ಆಗ್ತಿದ್ವಿ!"

ಛಾವಣಿ ಅಂಟಿಸಿ ಹಲಗೆಯನ್ನೂ ಇಳಿಸಿದರೆ ಆರು ತಿಂಗಳ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. "ಒಂದಾದ್ರೂ ತೆರದಿರ್ತಿತ್ತೇನ ಯವ್ವಾ?" ಅಂತ ಅಂಗಲಾಚಿದೆ.

ಅಜ್ಜಿ ನಕ್ಕಳು. "ಒಂದು ಇರ್ತಿತ್ತು. ವಾರಿಯಾಗಿ ಸಿಕ್ಕೊಂಡು, ಎಷ್ಟು ಗುದ್ದಿದ್ರೂ ಇಳೀತಿರಲಿಲ್ಲ. ನನ್ನ ನಸೀಬು, ಯಾವ ಡಬ್ಬಿ ಹತ್ತಿದ್ರೂ ಅದು ನನ್ನ ಬಾಜೂಕ!"

ಮನೆಗೆ ಬಂದು ಎಲ್ಲ ಕಿಟಕಿ ಮುಚ್ಚಿ, ಒಂದನ್ನು ಮಾತ್ರ ಅರ್ಧಕ್ಕೆ ವಾರೆಯಾಗಿ ನಿಲ್ಲಿಸಿ, ಛಾವಣಿ ಅಂಟಿಸಿದೆ. ಪ್ರದರ್ಶನದಲ್ಲಿ ಜನ ಸಾಲುಗಟ್ಟಿ, ಒಂದು ಕಣ್ಣು ಮುಚ್ಚಿ ಆ ಸಂದಿಯಲ್ಲೇ ಇಣುಕಿದರು. ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಬೆನ್ನು ತಟ್ಟಿದರು. "ಕೆಲಸ ಭಾಳ ಛಲೋ ಅದರೀ. ಆ ಒಂದು ಕಿಟಕಿ ಅಷ್ಟು ರಿಪೇರಿ ಮಾಡ್ರಿ."

ಸಂಜೆ ಫೋನಿನಲ್ಲಿ ಅಜ್ಜಿಗೆ ಆ ಹಿರಿಯರ ಮಾತು ಹೇಳಿದೆ.

"ನಾನೂ ಹೋದಾಗೊಮ್ಮೆ ಟೀಸಿಗೆ ಅದನ್ನ ಹೇಳ್ತಿದ್ದೆ," ಅಂದಳು. "ಯಾರು ಕೇಳ್ತಾರ?"