ಐವತ್ತೆರಡು ಕಿಲೋ ಮರಳು

ನಮ್ಮ ಮೇಲಿನ ಮನೆಯ ಗಡಿಯಾರ ರಿಪೇರಿಯವರ ವಯಸ್ಸು ಕೇಳಿದರೆ ಎರಡು ಉತ್ತರ ಸಿಗುತ್ತವೆ: "ಸರ್ಟಿಫಿಕೇಟಲ್ಲಿ ಅರವತ್ತೊಂದು, ರಕ್ತಪರೀಕ್ಷೆ ಪ್ರಕಾರ ನಲವತ್ತೆಂಟು." ನಿದ್ದೆ ಅಳೆಯುವ ಉಂಗುರ ಹೌದೆನ್ನುವವರೆಗೆ ತಾವು ಮಲಗಿದ್ದೆವೆಂದೇ ಅವರು ನಂಬುವುದಿಲ್ಲ. ತೋಳಿಗೆ ಅಂಟಿಸಿಕೊಂಡ ಬಿಲ್ಲೆಯು ರಕ್ತದಲ್ಲಿ ಸಕ್ಕರೆ ಏರಿತೆಂದು ಫೋನಿಗೆ ಚಾಡಿ ಹೇಳಿದರೆ ಸಾಕು, ಅರ್ಧ ತಿಂದ ಬಾಳೆಹಣ್ಣು ಕೆಳಗಿಟ್ಟು ಮೆಟ್ಟಿಲು ಹತ್ತಿ ಇಳಿಯತೊಡಗುತ್ತಾರೆ. ಬೆಳಿಗ್ಗೆ ಮಂಜುಗಡ್ಡೆ ಸುರಿದ ಡ್ರಮ್ಮಿನಲ್ಲಿ ಕುತ್ತಿಗೆವರೆಗೆ ಮುಳುಗಿ, ಹಲ್ಲು ಕಟಕಟ ಎನ್ನುತ್ತಿದ್ದರೂ, "ಹಿತವಾಗಿದೆ ಕಣ್ರೀ, ನೀವೂ ಬನ್ನಿ" ಎಂದು ಕರೆಯುತ್ತಾರೆ. ಯಾಕೆ ಈ ಪಾಡು ಎಂದರೆ, "ಸರಿಯಾಗಿ ನೋಡ್ಕೊಂಡ್ರೆ ಯಾವ ಯಂತ್ರಾನೂ ನಿಲ್ಲಲ್ಲ" ಎಂಬ ಅಂಗಡಿಯ ಮಾತೇ ಬರುತ್ತದೆ. "ಯಮನಿಗೇ ಚಳ್ಳೆಹಣ್ಣು ತಿನ್ನಿಸೋಕೆ ಹೊರಟಿದ್ದಾರೆ" ಎಂದು ಓಣಿಯೆಲ್ಲ ನಗುತ್ತದೆ. ನಾನೂ ನಕ್ಕವನೇ, ನಿಂತುಹೋದ ಕೈಗಡಿಯಾರ ಹಿಡಿದು ಅವರ ಮನೆಗೆ ಹೋದ ದಿನದವರೆಗೆ. ಅಂದು ಅವರು ಮರಳಿನ ಮೂಟೆ ಎತ್ತುತ್ತಿದ್ದರು. ಐವತ್ತೆರಡು ಕಿಲೋ ಎಂದು ಅದರ ಮೇಲೆ ಬರೆದಿತ್ತು. ಕಸರತ್ತಿನವರಂತೆ ತಲೆಯ ಮೇಲಕ್ಕಲ್ಲ. ಎರಡೂ ತೋಳುಗಳಲ್ಲಿ ಮಂಚದಿಂದ ಎತ್ತಿ, ನಾಲ್ಕು ಹೆಜ್ಜೆ ನಡೆದು, ಒಂದಿಷ್ಟೂ ಸದ್ದಾಗದಂತೆ ಕುರ್ಚಿಯಲ್ಲಿ ಕೂರಿಸಿದರು. ಜಾರದಂತೆ ಬೆನ್ನಿಗೊಂದು ದಿಂಬನ್ನೂ ಕೊಟ್ಟರು. ಪಕ್ಕದ ಗಾಲಿಕುರ್ಚಿಯಲ್ಲಿದ್ದ, ಹುಟ್ಟಿದಂದಿನಿಂದ ನಡೆಯಲಾಗದ ಅವರ ಮೂವತ್ತು ವರ್ಷದ ಮಗಳು ಅದನ್ನು ನೋಡಿ ನಕ್ಕಳು. "ಅಪ್ಪಾ, ಈ ತಿಂಗಳು ನಾನು ಒಂದು ಕಿಲೋ ಜಾಸ್ತಿಯಾಗಿದೀನಿ." ಅವರು ಮೂಟೆಯ ಬಾಯಿ ಬಿಚ್ಚಿ, ಒಳಗೆ ಇನ್ನೆರಡು ಬೊಗಸೆ ಮರಳು ಸುರಿದರು.