ಬೋರ್ಡಣ್ಣ ಬರೆದ ಮಾತ್ರೆ ಪಟ್ಟಿ

ಬೋರ್ಡಣ್ಣ ಮೊದಲು ಅಂಗಡಿ ಬೋರ್ಡು ಬರೀತಿದ್ದ. ಕೈ ನಡುಗೋಕೆ ಶುರುವಾದ ಮೇಲೆ ಬ್ರಷ್ ಬಿಟ್ಟು, ಕಂಪ್ಯೂಟರಲ್ಲಿ ವೆಬ್‌ಪುಟ ಮಾಡೋದು ಕಲಿತ. ಬುದ್ಧಿ ಮಾತ್ರ ಬಣ್ಣದ ಡಬ್ಬಿದೇ. 'ಕೆಂಪು', 'ದಪ್ಪ', 'ಎಡಕ್ಕೆ', 'ಬಲಕ್ಕೆ' ಅಂತ ಅಕ್ಷರದ ನೋಟಕ್ಕೆ ಒಂದೊಂದು ಅಚ್ಚು, ಅಂದರೆ ಕ್ಲಾಸ್, ಮಾಡಿಟ್ಟುಕೊಂಡು, ಯಾವ ಪುಟ ಬಂದರೂ ಅದನ್ನೇ ಬಳೀತಿದ್ದ.

ಕ್ಲಿನಿಕ್ಕಿನ ರೋಗಿಗಳ ಮಾತ್ರೆ ಪಟ್ಟಿಗೂ ಅಷ್ಟೇ. ಹೆಸರೆಲ್ಲ ಒಂದು ಕಂತೆಯಾಗಿ ಎಡಕ್ಕೆ, ಎಷ್ಟು ನುಂಗಬೇಕು ಅನ್ನೋದೆಲ್ಲ ಇನ್ನೊಂದು ಕಂತೆಯಾಗಿ ಬಲಕ್ಕೆ.

ಜೊತೆ ಕೆಲಸದವಳು ಹೇಳಿದ್ದಳು, "ಅಣ್ಣಾ, ಸಾಲು, ಕಾಲಂ ಇರೋ ಟೇಬಲ್‌ನ ಟೇಬಲ್ ಅಂತಲೇ ಬರಿ. ಇಲ್ಲಾಂದ್ರೆ ಯಾವುದಕ್ಕೆ ಯಾವುದು ಅಂತ ಕಂಪ್ಯೂಟರ್‌ಗೆ ಗೊತ್ತಾಗಲ್ಲ."

"ಗೊತ್ತಾಗಿ ಏನಾಗ್ಬೇಕು ತಾಯೀ? ಮಾತ್ರೆ ನುಂಗೋದು ಕಂಪ್ಯೂಟರಾ?"

ಪಟ್ಟಿ ಹಾಕಿದ ಮೂರನೇ ದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದ. ಅಕ್ಕನೂ ಅದೇ ಕ್ಲಿನಿಕ್ಕಿನ ರೋಗಿ. ಕಣ್ಣಿಲ್ಲ, ಪಟ್ಟಿನ ಫೋನೇ ಓದಿ ಹೇಳುತ್ತೆ. ಮೇಜಿನ ಮೇಲೆ ನಾಲ್ಕು ಡಬ್ಬಿ, ಗುರುತಿಗೆ ದಾರದ ಗಂಟು.

ಫೋನು ಓದ್ತು: "ಸಕ್ಕರೆ ಮಾತ್ರೆ. ಬಿಪಿ ಮಾತ್ರೆ. ಕ್ಯಾಲ್ಸಿಯಂ. ಥೈರಾಯ್ಡ್. ಒಂದು. ಎರಡು. ಅರ್ಧ."

ಬೋರ್ಡಣ್ಣ ಬೆರಳು ಮಡಿಚಿ ಎಣಿಸಿದ. ಹೆಸರು ನಾಲ್ಕು, ಲೆಕ್ಕ ಮೂರೇ. ಬಿಪಿ ಮಾತ್ರೆ ನಿಲ್ಲಿಸಿದ್ದರು, ಅದರ ಮುಂದೆ ಅವನು ಖಾಲಿ ಬಿಟ್ಟಿದ್ದ. ಖಾಲಿ ಜಾಗ ಕಣ್ಣಿಗೆ ಕಾಣುತ್ತೆ, ಕಿವಿಗೆ ಕೇಳಲ್ಲ. ಕ್ಯಾಲ್ಸಿಯಂನ ಎರಡು ಬಿಪಿಗೆ ಬಂದು ಕೂತಿತ್ತು.

ಅಕ್ಕನ ಅಂಗೈಲಿ ಎರಡು ಬಿಪಿ ಮಾತ್ರೆ. ಗಬಕ್ಕನೆ ಕೈ ಹಿಡಿದ.

"ಅಯ್ಯೋ! ಕಳ್ಳನ್ನ ಹಿಡಿದ ಹಾಗೆ ಹಿಡೀತೀಯಲ್ಲೋ!"

"ಅಕ್ಕಾ... ನಿನ್ನೇನೂ ಎರಡು ನುಂಗಿದ್ಯಾ?"

"ಹೂಂ. ಪಟ್ಟಿ ಹೇಳಿದ ಹಾಗೇ. ಕೊನೇದಕ್ಕೆ ಏನೂ ಹೇಳಲಿಲ್ಲ, ಬಿಟ್ಟೆ. ತಲೆ ತಿರುಗಿ ಬಾಗಿಲು ಹಿಡ್ಕೊಂಡು ನಿಂತಿದ್ದೆ ನೋಡು."

ಬೋರ್ಡಣ್ಣ ಎರಡೂ ಮಾತ್ರೆ ಕಿತ್ತುಕೊಂಡ. ಕ್ಲಿನಿಕ್ಕಿಗೆ ಫೋನ್ ಮಾಡಿದ. ನರ್ಸಮ್ಮ ಅಂದಳು, "ಅವರನ್ನ ಮಲಗಿಸಿ, ಈಗಲೇ ಬರ್ತೀವಿ."

"ಪಟ್ಟಿನ ಹೀಗೆ ಫೋನಲ್ಲಿ ಕೇಳಿಸ್ಕೊಳ್ಳೋರು ಬೇರೆ ಯಾರಾದ್ರೂ ಇದ್ದಾರಾ?" ಅಂದ ಬೋರ್ಡಣ್ಣ.

"ಒಬ್ಬರು. ನಿಮ್ಮ ಹಿಂದಿನ ಬೀದಿ ಮೇಷ್ಟ್ರು. ಅವರಿಗೂ ಹೋದ ವಾರ ಒಂದು ಮಾತ್ರೆ ನಿಲ್ಲಿಸಿದ್ದೀವಿ."

ಮೇಷ್ಟ್ರು ಫೋನ್ ಎತ್ತಲಿಲ್ಲ.

"ನಾನು ಮಲಗ್ತೀನಿ," ಅಂದಳು ಅಕ್ಕ. "ನೀನು ಓಡು."

ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಮೇಷ್ಟ್ರ ಬಾಗಿಲು ಒಳಗಿಂದ ಹಾಕಿತ್ತು. ಕಿಟಕಿಯಿಂದ ಅದೇ ಫೋನ್ ದನಿ. ಹೆಸರೆಲ್ಲ ಮುಗಿದು ಲೆಕ್ಕ ಶುರುವಾಗಿತ್ತು. ಲೋಟಕ್ಕೆ ನೀರು ಬಗ್ಗಿಸೋ ಸದ್ದು.

ಎರಡೂ ಕೈಯಲ್ಲಿ ಬಾಗಿಲು ಬಡಿದ. "ಮೇಷ್ಟ್ರೇ, ನುಂಗಬೇಡಿ! ಆ ಪಟ್ಟಿ ಬರೆದೋನು ನಾನೇ, ತಪ್ಪು ಬರೆದಿದ್ದೀನಿ!"

ಒಳಗೆ ಲೋಟ ಮೇಜಿನ ಮೇಲೆ ಕೂತ ಸದ್ದಾಯ್ತು. ಖಾಲಿಯೋ ತುಂಬಿದ್ದೋ, ಬಾಗಿಲು ತೆಗೆಯೋವರೆಗೆ ಬೋರ್ಡಣ್ಣನಿಗೆ ಗೊತ್ತಾಗಲಿಲ್ಲ.

ತುಂಬಿತ್ತು.